ಹನ್ನೊಂದು ನಿಯಮಗಳ ಹಳದಿ ಹಾಳೆ

"ಹಸಿರು ಎತ್ತೇ ಮಾರಾಯ್ತಿ, ನಿನ್ನದೊಂದೇ ಬಾಕಿ! ಪ್ರಿನ್ಸಿಪಾಲರು ಅಲ್ಲಿಂದ ಕೊಕ್ಕರೆ ಥರ ಕತ್ತು ಚಾಚಿ ನಿಂತಿದಾರೆ ನೋಡು," ಎಂದು ವಿಜ್ಞಾನದ ಮೇಷ್ಟ್ರು ಓರಿನ್ ಬೆಕ್ವಿತ್ ಪಕ್ಕದ ಸಾಲಿನಿಂದ ಕೂಗಿದರು.

ಟಿಪ್ಟನ್ ಟೀಚರ್ ಹುಲ್ಲಿನ ಮೇಲೆ ನಿಂತಿದ್ದ ತಮ್ಮ ಎಂಟನೆ ತರಗತಿಯ ಮಕ್ಕಳ ತಲೆಗಳನ್ನು ಇನ್ನೊಮ್ಮೆ ಎಣಿಸಿದರು. ಇಪ್ಪತ್ತಾರು ಇರಬೇಕಾಗಿತ್ತು, ಮೂರು ಸಲ ಎಣಿಸಿದರೂ ಇಪ್ಪತ್ತೈದೇ.

"ಒಂದು ತಲೆ ಕಮ್ಮಿ ಇದೆ ಓರಿನ್."

"ಟಕರ್ ಬಾತ್‌ರೂಮಲ್ಲಿದಾನೆ ಟೀಚರ್," ಎಂದಿತು ಸಾಲಿನ ನಡುವಿನಿಂದ ಒಂದು ದನಿ. "ಸ್ಕೂಲಿಗೆ ನಿಜವಾಗ್ಲೂ ಬೆಂಕಿ ಬಿದ್ರೂ ಅವನು ಕೂದಲು ಬಾಚ್ಕೊಂಡೇ ಬರೋದು." ಮಕ್ಕಳೆಲ್ಲ ಘೊಳ್ಳೆಂದರು.

ಬೆಂಕಿಯ ಕವಾಯತು ಎಂದರೆ ಆ ಶಾಲೆಯಲ್ಲಿ ತಿಂಗಳಿಗೊಂದು ಬಾರಿ ಇದ್ದದ್ದೇ. ಗಂಟೆ ಬಡಿದ ಕೂಡಲೇ ಟೀಚರುಗಳು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ ಪ್ಲಾಸ್ಟಿಕ್ ಫೈಲನ್ನು ಕಿತ್ತುಕೊಂಡು, ಮಕ್ಕಳನ್ನು ಸಾಲುಗಟ್ಟಿಸಿ ಮೈದಾನಕ್ಕೆ ತರಬೇಕು. ಫೈಲಿನ ಮುಂದಿನ ಜೇಬಿನಲ್ಲಿ ಹಾಜರಿ ಪಟ್ಟಿ, ಹಸಿರು ಕಾರ್ಡು. ಎಲ್ಲರೂ ಇದ್ದರೆ ಹಸಿರನ್ನು ಎತ್ತಿ ಹಿಡಿಯಬೇಕು. ಯಾರಾದರೂ ಕಾಣದಿದ್ದರೆ ಹಿಂದಿನ ಜೇಬಿನ ಕೆಂಪನ್ನು. ಇಪ್ಪತ್ತೆರಡು ವರ್ಷಗಳಲ್ಲಿ ಟಿಪ್ಟನ್ ಟೀಚರ್ ಒಂದು ಸಲವೂ ಕೆಂಪು ಕಾರ್ಡು ಎತ್ತಿದವರಲ್ಲ. ಅವರ ಮಕ್ಕಳು ಕಾಣೆಯಾಗುತ್ತಿರಲಿಲ್ಲ.

ಇವತ್ತು ವಿಧಿಯಿಲ್ಲದೆ ಹಿಂದಿನ ಜೇಬಿಗೆ ಕೈ ಹಾಕಿ ಎಳೆದರು. ಕಾರ್ಡಿನ ಜೊತೆಗೆ ಪಿನ್ನು ಹೊಡೆದ ನಾಲ್ಕೈದು ಹಾಳೆಗಳೂ ಅರ್ಧ ಹೊರಬಂದವು. ಮೊದಲ ಹಾಳೆಯ ಮೂಲೆ ಯಾವಾಗಲೋ ನೆನೆದು ಒಣಗಿ ಸೊಟ್ಟಗಾಗಿತ್ತು. ನೀಲಿ ಶಾಯಿ ಅಲ್ಲಲ್ಲಿ ಹರಡಿತ್ತು. ಆದರೂ ಓದಲು ಬರುತ್ತಿತ್ತು. 'ನನ್ನ ಮುತ್ತಜ್ಜಿ ಓಪಲ್ ಅವರ ಒಂದು ದಿನ. ಬರೆದವಳು: ಮಾಸಿ ಕ್ರಿಡ್ಲರ್, ಮೂರನೆಯ ಪೀರಿಯಡ್.'

ಟೀಚರ್ ಆ ಹಾಳೆಗಳನ್ನು ಒಳಕ್ಕೆ ತುರುಕಿದರು.

ಯೋಚನೆ ಮಾಡಿ ತುರುಕಿದ್ದಲ್ಲ. ಒಲೆ ಮುಟ್ಟಿದ ಕೈ ತಾನಾಗಿ ಹಿಂದಕ್ಕೆ ಬರುತ್ತದಲ್ಲ, ಹಾಗೆ. ಆಮೇಲೆ ಕೆಂಪು ಕಾರ್ಡು ಎತ್ತಿದರು, ಟಕರ್ ನೀರು ಸುರಿಯುವ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಓಡಿ ಬಂದ, ಕೆಂಪು ಇಳಿಸಿ ಹಸಿರು ಎತ್ತಿದರು, ಪ್ರಿನ್ಸಿಪಾಲರು ತಲೆ ಆಡಿಸಿದರು. ಎಲ್ಲ ಸೇರಿ ಎರಡು ನಿಮಿಷ. ಒಳಗೆ ಹೋಗುವಾಗ ಸಾಲಿನ ಕೊನೆಗೆ ಕಣ್ಣು ಹೋಯಿತು. ಮಾಸಿ ಕ್ರಿಡ್ಲರ್ ಸ್ವೆಟರಿನ ತೋಳುಗಳೊಳಗೆ ಕೈ ಎಳೆದುಕೊಂಡು, ತನ್ನ ಬೂಟನ್ನೇ ನೋಡುತ್ತ ನಡೆಯುತ್ತಿದ್ದಳು.

ಓಹಾಯೊ ನದಿಯ ದಂಡೆಯ ಆ ಚಿಕ್ಕ ಊರಿನಲ್ಲಿ ಟಿಪ್ಟನ್ ಟೀಚರ ಹಳದಿ ಹಾಳೆಯನ್ನು ಅರಿಯದವರು ಕಡಿಮೆ. ಪ್ರತಿ ಆಗಸ್ಟಿನಲ್ಲಿ ಅಮೆರಿಕದ ಇತಿಹಾಸದ ಮೊದಲ ಪಾಠ ಕೊಲಂಬಸನಿಂದ ಶುರುವಾಗುತ್ತಿರಲಿಲ್ಲ, ಆ ಹಾಳೆಯಿಂದ ಶುರುವಾಗುತ್ತಿತ್ತು. ಅದರಲ್ಲಿ ಹನ್ನೊಂದು ನಿಯಮ. ಟೀಚರ್ ಎದ್ದು ನಿಂತು ಒಂದೊಂದನ್ನೂ ಗಟ್ಟಿಯಾಗಿ ಓದುವರು. ಮಕ್ಕಳು ಮನೆಗೆ ಒಯ್ದು ಅಪ್ಪನದೋ ಅಮ್ಮನದೋ ಸಹಿ ಹಾಕಿಸಿ, ತಮ್ಮ ಸಹಿಯನ್ನೂ ಹಾಕಿ ಶುಕ್ರವಾರದೊಳಗೆ ತರಬೇಕು. ವರ್ಷದ ಮೊದಲ ಹತ್ತು ಅಂಕ ಅದಕ್ಕೇ. ನಾಲ್ಕನೆಯದು, ಮನೆಪಾಠವನ್ನು ಬಾಗಿಲ ಪಕ್ಕದ ಮರದ ತಟ್ಟೆಯಲ್ಲಿಯೇ ಇಡತಕ್ಕದ್ದು. ಏಳನೆಯದು, ತಡವಾಗಿ ತಂದದ್ದನ್ನು ಯಾವ ಕಾರಣಕ್ಕೂ ತೆಗೆದುಕೊಳ್ಳುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ, ಕ್ಷೌರದ ಅಂಗಡಿಯಲ್ಲಿ ಮೀಸೆ ಬಿಟ್ಟ ಗಂಡಸರು ಕೂಡ ಟೀಚರನ್ನು ಕಂಡರೆ ನೆಟ್ಟಗೆ ನಿಂತು "ಏಳನೆ ನಿಯಮ ಮೇಡಂ!" ಎಂದು ಸೆಲ್ಯೂಟು ಹೊಡೆದು ನಗುತ್ತಿದ್ದರು. ಟೀಚರೂ ನಗುವರು. ಒಳಗೊಳಗೇ ಅದು ಅವರಿಗೆ ಪದಕ ಸಿಕ್ಕಿದ ಹಾಗೆ.

ಹನ್ನೊಂದನೆಯ ನಿಯಮ ಮಕ್ಕಳಿಗಲ್ಲ, ಟೀಚರಿಗೇ. 'ನಿಮ್ಮ ಕಾಗದ ನನ್ನ ಕೈ ಸೇರಿದ್ದರೆ ಅದು ನನ್ನ ಪುಸ್ತಕದಲ್ಲಿ ಇದ್ದೇ ಇರುತ್ತದೆ. ನಾನು ಕಾಗದ ಕಳೆಯುವುದಿಲ್ಲ.'

ಮಾರ್ಚಿನ ಆ ದಿನ ಈಗ ಒಂದೊಂದೇ ಗೆರೆಯಾಗಿ ನೆನಪಿಗೆ ಬರತೊಡಗಿತು. ಮನೆಯ ಅತಿ ಹಿರಿಯರನ್ನು ಮಾತಾಡಿಸಿ ಅವರ ಬದುಕಿನ ಒಂದು ದಿನವನ್ನು ಬರೆದು ತನ್ನಿ ಎಂದು ಕೊಟ್ಟಿದ್ದ ಕೆಲಸ. ಆ ಅವಧಿಯ ಮೂರರಲ್ಲೊಂದು ಪಾಲು ಅಂಕ ಅದಕ್ಕೆ. ತಂದುಕೊಡುವ ದಿನ ಪೀರಿಯಡ್ ಶುರುವಾದೊಡನೆ ಕವಾಯತಿನ ಗಂಟೆ ಬಡಿದಿತ್ತು. ಹೊರಗೆ ಹಿಮವೂ ಅಲ್ಲದ ಮಳೆಯೂ ಅಲ್ಲದ ಏನೋ ಉದುರುತ್ತಿತ್ತು. ಒಬ್ಬ ಹುಡುಗಿ ಕೋಟೂ ಇಲ್ಲದೆ, ಹಾಳೆಗಳನ್ನು ಸ್ವೆಟರಿನೊಳಗೆ ಅವುಚಿಕೊಂಡು ಬಂದು "ಟೀಚರ್, ನೆನೆದುಹೋಗುತ್ತೆ," ಎಂದಿದ್ದಳು. "ಕೊಡು ಇಲ್ಲಿ ಚಿನ್ನ," ಎಂದು ಇವರೇ ಈಸಿಕೊಂಡು ಪ್ಲಾಸ್ಟಿಕ್ಕಿನೊಳಗೆ ಜಾರಿಸಿದ್ದರು. ಒಳಗೆ ಬಂದ ಮೇಲೆ ಉಳಿದವರೆಲ್ಲ ತಮ್ಮ ತಮ್ಮದನ್ನು ತಟ್ಟೆಯಲ್ಲಿಟ್ಟರು. ಫೈಲು ಮೊಳೆಗೆ ಹೋಯಿತು. ಅಷ್ಟೇ.

ವಾರದ ಮೇಲೆ ಅಂಕ ಓದುವಾಗ, ತನ್ನ ಹೆಸರಿಗೆ ಸೊನ್ನೆ ಬಂದದ್ದು ಕೇಳಿ ಮಾಸಿ ಎದ್ದು ನಿಂತು "ನಾನು ಕೊಟ್ಟಿದೀನಿ ಟೀಚರ್, ಹೊರಗಡೆ ಇದ್ದಾಗ..." ಎಂದಿದ್ದಳು.

"ತಟ್ಟೆಯಲ್ಲಿ ಇಟ್ಯಾ, ಇಲ್ವಾ? ಅಷ್ಟು ಹೇಳು."

"ಇಲ್ಲ, ಆದ್ರೆ..."

"ಆದ್ರೆ ಗೀದ್ರೆ ಬೇಡ ಮಾಸಿ. ಹನ್ನೊಂದನೇದು ಏನು ಹೇಳುತ್ತೆ? ಎಲ್ಲರೂ ಹೇಳಿ."

ಇಪ್ಪತ್ತೈದು ಮಕ್ಕಳು ಒಕ್ಕೊರಲಿನಿಂದ ಹೇಳಿದ್ದರು. ಮಗ್ಗಿ ಒಪ್ಪಿಸಿದ ಹಾಗೆ.

ಆ ಸೊನ್ನೆಯಿಂದ ಮಾಸಿ ಇತಿಹಾಸದಲ್ಲಿ ನಪಾಸಾದಳು. ನಪಾಸಾದವರು ಎಂಟನೆ ತರಗತಿಯ ವಾಷಿಂಗ್ಟನ್ ಪ್ರವಾಸದ ಬಸ್ಸು ಹತ್ತುವ ಹಾಗಿಲ್ಲ. ಏಪ್ರಿಲಿನ ಕೊನೆಗೆ ಎಲ್ಲರೂ ಹಾಡುತ್ತ ಹೋದ ಮೂರು ದಿನವೂ ಮಾಸಿ ಇನ್ನಿಬ್ಬರ ಜೊತೆ ಲೈಬ್ರರಿಯಲ್ಲಿ ಕುಳಿತು, ಲಿಂಕನ್ನನ ಸ್ಮಾರಕದ ಚಿತ್ರಕ್ಕೆ ಕಂಬಗಳ ಮೇಲಿನ ರಾಜ್ಯಗಳ ಹೆಸರು ತುಂಬಿಸಿದಳು. ಅದಕ್ಕೂ ಮೊದಲೇ, ಸೊನ್ನೆ ಬಂದ ವಾರವೇ, ಒಂದು ಪತ್ರ ತಂದು ಟೀಚರ ಮೇಜಿನ ಮೇಲಿಟ್ಟಿದ್ದಳು. 'ಕೊಡದೇ ಇದ್ದುದನ್ನು ಕೊಟ್ಟೆ ಎಂದು ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ.' ಟೀಚರ್ ಓದಿ, ಮೆಚ್ಚಿ, "ತಪ್ಪು ಒಪ್ಪಿಕೊಳ್ಳೋದಕ್ಕೆ ಧೈರ್ಯ ಬೇಕು ಮರಿ," ಎಂದು ಡಬ್ಬಿಯಿಂದ ಒಂದು ಪೆಪ್ಪರ್‌ಮಿಂಟು ತೆಗೆದು ಕೊಟ್ಟಿದ್ದರು. ಹುಡುಗಿ ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಹೋಗಿದ್ದಳು.

ಆ ಪೆಪ್ಪರ್‌ಮಿಂಟಿನ ನೆನಪು ಬಂದಾಗ ಟೀಚರಿಗೆ ಸ್ಟಾಫ್ ರೂಮಿನಲ್ಲಿ ಕುಳಿತಲ್ಲೇ ಕಿವಿ ಬಿಸಿಯಾಯಿತು.

ಹೇಳಬೇಕು, ಮಧ್ಯಾಹ್ನವೇ ಹೇಳಿಬಿಡಬೇಕು ಎಂದುಕೊಂಡೇ ಊಟದ ಸಾಲಿಗೆ ಹೋದರು. ಯಾಕೆಂದರೆ ಆ ಸಾಲಿನ ಆಚೆ ಬದಿಗೆ, ತಲೆಗೆ ಬಲೆ ಕಟ್ಟಿಕೊಂಡು ಬಡಿಸುತ್ತಿದ್ದವಳು ಟ್ವೈಲಾ ಕ್ರಿಡ್ಲರ್, ಮಾಸಿಯ ತಾಯಿ. ಇಪ್ಪತ್ತು ವರ್ಷದ ಕೆಳಗೆ ಇದೇ ಟೀಚರ ಎದುರಿಗೆ ಎರಡನೆ ಬೆಂಚಿನಲ್ಲಿ ಕುಳಿತವಳು.

"ಬನ್ನಿ ಟೀಚರ್. ಕಾರ್ನ್‌ಬ್ರೆಡ್ಡಿನ ಮೂಲೆ ತುಂಡು ನಿಮಗೇ ಅಂತ ಎತ್ತಿಟ್ಟಿದೀನಿ. ಬೆಕ್ವಿತ್ ಮೇಷ್ಟ್ರು ಎರಡು ಸಲ ಬಂದು ಕಣ್ಣು ಹಾಕಿ ಹೋದ್ರು, ಕೊಡ್ಲಿಲ್ಲ."

"ನನ್ನ ಕಂಡ್ರೆ ಮಲತಾಯಿ ಪ್ರೀತಿ ಇವಳಿಗೆ," ಎಂದರು ಹಿಂದಿನಿಂದ ಓರಿನ್.

"ನೀವು ನಂಗೆ ಕಪ್ಪೆ ಕುಯ್ಯೋಕೆ ಹೇಳಿದ್ದು ನಾನಿನ್ನೂ ಮರೆತಿಲ್ಲ ಮೇಷ್ಟ್ರೇ!"

ಟ್ವೈಲಾ ನಕ್ಕಳು. ಗರಿಗರಿ ಅಂಚಿನ ಆ ತುಂಡು ತಟ್ಟೆಗೆ ಬಿತ್ತು. ಟೀಚರ ಬಾಯಿಗೆ ಬಂದ ಮಾತು, "ಥ್ಯಾಂಕ್ಯೂ ಟ್ವೈಲಾ."

ಮಂಗಳವಾರವೂ ಅದೇ. ಬುಧವಾರವೂ ಅದೇ. ಹಾಳೆಗಳು ಫೈಲಿನಿಂದ ಟೀಚರ ಚೀಲಕ್ಕೆ ಬಂದಿದ್ದವು, ಮನೆಗೆ ಹೋಗಿ ಬರುತ್ತಿದ್ದವು, ಆದರೆ ಅವನ್ನು ತೆರೆಯಲು ಕೈ ಏಳಲಿಲ್ಲ. ತರಗತಿಯಲ್ಲಿ ಮಾಸಿಯ ಕಡೆ ನೋಡುವುದನ್ನು ಬಿಟ್ಟರು. ಅವಳು ಕೈ ಎತ್ತುತ್ತಲೂ ಇರಲಿಲ್ಲ. ಬುಧವಾರ ಸಂಜೆ ಕಾರು ನಿಲ್ಲಿಸುವ ಜಾಗದಲ್ಲಿ ಓರಿನ್ ಹಿಡಿದು ನಿಲ್ಲಿಸಿದರು.

"ಏನಾಗಿದೆ ನಿನಗೆ? ಮೂರು ದಿನದಿಂದ ಯಾರನ್ನೂ ಬೈದಿಲ್ಲವಂತೆ. ಮಕ್ಕಳು ಹೆದರಿಕೊಂಡಿವೆ."

ಟೀಚರ್ ಹೇಳಿದರು. ಓರಿನ್ ಸಿಳ್ಳು ಹಾಕಿ, ಟೋಪಿ ತೆಗೆದು ತಲೆ ಕೆರೆದುಕೊಂಡರು.

"ನೋಡು ವರ್ನಾ, ಪ್ರವಾಸ ಮುಗೀತು. ಬಸ್ಸನ್ನ ತಿರುಗಿಸಿ ತರೋಕಾಗಲ್ಲ. ಕಂಪ್ಯೂಟರಲ್ಲಿ ಆ ಸೊನ್ನೆ ಅಳಿಸಿ ಒಳ್ಳೇ ಅಂಕ ಹಾಕಿಬಿಡು. ಹುಡುಗಿಗೂ ಖುಷಿ, ನಿನಗೂ ನಿದ್ದೆ ಬರುತ್ತೆ. ಊರಿಗೆಲ್ಲ ಡಂಗುರ ಯಾಕೆ? ಮೂರು ವಾರ ಇದೆ ರಜಕ್ಕೆ."

ಸ್ನೇಹಿತ ಕೊಟ್ಟ ಬುದ್ಧಿ. ಬೇಡ ಎನ್ನುವ ಬುದ್ಧಿಯೇನಲ್ಲ ಎಂದು ಟೀಚರ ಮನಸ್ಸಿನ ಒಂದು ಮೂಲೆ ಗಬಕ್ಕನೆ ಹಿಡಿದುಕೊಂಡಿತು. ಗುರುವಾರ ಶಾಲೆ ಬಿಟ್ಟ ಮೇಲೆ, ಖಾಲಿ ತರಗತಿಯಲ್ಲಿ ಕುಳಿತು ಸೊನ್ನೆಯನ್ನು ಅಳಿಸಿದರು. ತೊಂಬತ್ತೆರಡು ಎಂದು ಒತ್ತಿದರು. ನೂರು ಹಾಕಿದರೆ ಎದ್ದು ಕಾಣುತ್ತದೆ, ಎಂಬತ್ತು ಹಾಕಿದರೆ ಜಿಪುಣತನ. ಹಾಳೆಗಳು ಚೀಲದಲ್ಲೇ ಇದ್ದವು.

ಈಗಿನ ಕಾಲದಲ್ಲಿ ಅಂಕ ಬದಲಾದರೆ ತಾಯಿತಂದೆಯರ ಫೋನು ಟಿಣ್ ಎನ್ನುತ್ತದೆಂಬುದು ಟೀಚರಿಗೆ ಗೊತ್ತಿಲ್ಲದ್ದಲ್ಲ. ಹಳದಿ ಹಾಳೆಯ ಹತ್ತನೆಯ ನಿಯಮವೇ ಅದು, ಪೋಷಕರು ಅಂಕಗಳನ್ನು ವಾರಕ್ಕೊಮ್ಮೆ ನೋಡತಕ್ಕದ್ದು. ಅಂಜಿಕೆಯಲ್ಲಿರುವವರಿಗೆ ತಾವೇ ಬರೆದದ್ದೂ ಮರೆತುಹೋಗುತ್ತದೆ.

ಶುಕ್ರವಾರ ಊಟದ ಸಾಲಿನಲ್ಲಿ ಟ್ವೈಲಾ ಸೌಟು ಹಿಡಿದೇ ಮುಂದಕ್ಕೆ ಬಗ್ಗಿ, ದನಿ ತಗ್ಗಿಸಿ ಹೇಳಿದಳು: "ಟೀಚರ್, ಒಂದ್ ಮಾತು. ಕಂಪ್ಯೂಟರಲ್ಲಿ ಏನೋ ಎಡವಟ್ಟಾಗಿದೆ. ಮಾಸಿಗೆ ಆ ಸೊನ್ನೆ ಇತ್ತಲ್ಲ, ಅದು ತೊಂಬತ್ತೆರಡು ಅಂತ ಬಂದಿದೆ. ಬೇರೆ ಯಾರದೋ ಮಗುವಿನ ಅಂಕ ಇವಳ ಸಾಲಿಗೆ ಬಂದಿರ್ಬೇಕು. ಸರಿ ಮಾಡ್ಬಿಡಿ. ಆ ಮಗು ಪಾಪ, ಎಷ್ಟು ಕಷ್ಟಪಟ್ಟಿತ್ತೋ ಏನೋ."

ಟೀಚರ್ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಹಿಂದೆ ಆರನೆ ತರಗತಿಯ ಮಕ್ಕಳು ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದರು.

"ಬೇರೆ ಯಾರದೂ ಅಲ್ಲ ಟ್ವೈಲಾ. ಅವಳದೇ."

"ಅವಳು ಕೊಡ್ಲೇ ಇಲ್ವಲ್ಲ?"

"ಕೊಟ್ಟಿದ್ಲು. ನನ್ನ ಹತ್ರಾನೇ ಇತ್ತು."

ಟ್ವೈಲಾ ಸೌಟಿನಲ್ಲಿದ್ದ ಬೀನ್ಸನ್ನು ಪಾತ್ರೆಗೇ ವಾಪಸ್ಸು ಸುರಿದಳು. ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ತುಂಬಿ ಬಡಿಸಿದಳು. "ಮುಂದೆ ಹೋಗಿ ಟೀಚರ್. ಮಕ್ಕಳು ಕಾಯ್ತಾ ಇದಾವೆ. ಒಂದೂವರೆಗೆ ಹಿಂದುಗಡೆ ಬನ್ನಿ."

ಅಡುಗೆಮನೆಯ ಹಿಂಭಾಗದಲ್ಲಿ ತಟ್ಟೆ ತೊಳೆಯುವ ಯಂತ್ರ ಹಬೆಯಾಡುತ್ತಿತ್ತು. ಟ್ವೈಲಾ ಕೈಗವಸು ಕಳಚಿ, ಸಿಂಕಿನ ಅಂಚಿಗೆ ಒರಗಿ ನಿಂತು, ಕೊನೆಯವರೆಗೂ ಕೇಳಿದಳು. ಹಿಮಮಳೆ, ಫೈಲು, ಕೆಂಪು ಕಾರ್ಡು, ಸೋಮವಾರದಿಂದ ಸುಮ್ಮನಿದ್ದದ್ದು. ಟೀಚರ್ ಯಾವುದನ್ನೂ ಬಿಡಲಿಲ್ಲ.

"ಸೋಮವಾರಾನಾ?" ಎಂದಳು ಟ್ವೈಲಾ. "ಸೋಮವಾರ ಮಾಸಿ ಮನೆಗೆ ಬಂದು, 'ಅಮ್ಮಾ, ನನ್ನ ಕಾಗದ ಟೀಚರ ಫೈಲಲ್ಲಿತ್ತು, ನಾನು ಕಣ್ಣಾರೆ ಕಂಡೆ' ಅಂದ್ಲು. ನಾನೇನಂದೆ ಗೊತ್ತಾ? 'ಮತ್ತೆ ಸುರು ಮಾಡ್ಬೇಡ ಕಣೇ' ಅಂದೆ. 'ಒಂದು ಸಲ ಮಾನ ಕಳೆದದ್ದು ಸಾಲ್ದಾ' ಅಂದೆ."

"ಟ್ವೈಲಾ, ನಾನು..."

"ತಡೀರಿ. ನಾನೂ ಹೇಳ್ಬೇಕು. ನಿಮ್ಮ ಹನ್ನೊಂದನೇ ನಿಯಮ ನಂಗೆ ಬಾಯಿಪಾಠ. ನಮ್ಮಪ್ಪನ ಸಹಿ ಹಾಕಿಸ್ಕೊಂಡು ಬಂದಿದ್ದೆ, ಈಗ ನನ್ನ ಸಹಿ ನಾನು ಹಾಕಿದೆ. ಭೂಮಿ ಮೇಲೆ ಯಾರು ಬೇಕಾದ್ರೂ ಕಾಗದ ಕಳೀಬಹುದು, ಟಿಪ್ಟನ್ ಟೀಚರ್ ಕಳೆಯಲ್ಲ. ಅಷ್ಟು ನಂಬಿಕೆ. ಆ ಪತ್ರ ಅವಳಾಗಿ ಬರೀಲಿಲ್ಲ ಟೀಚರ್. ಅಡುಗೆಮನೆ ಮೇಜಿನ ಮುಂದೆ ಕೂರಿಸಿ ನಾನು ಬರೆಸಿದೆ. ಅವಳು ಅಳ್ತಾ ಇದ್ಲು. ನಾನು ಪಕ್ಕದಲ್ಲಿ ನಿಂತ್ಕೊಂಡು, 'ಅಕ್ಷರ ದುಂಡಗೆ ಬರಿ' ಅಂದೆ."

ಯಂತ್ರ ನಿಂತಿತು. ಇಬ್ಬರೂ ಅದರ ಕಡೆಯೇ ನೋಡಿದರು, ಅದು ಇನ್ನೂ ಸ್ವಲ್ಪ ಹೊತ್ತು ಸದ್ದು ಮಾಡಲಿ ಎನ್ನುವ ಹಾಗೆ.

"ಆ ಹಾಳೆ ನಿಮ್ಮ ಹತ್ರ ಇದ್ಯಾ?"

ಟೀಚರ್ ಚೀಲದಿಂದ ತೆಗೆದು ಚಾಚಿದರು. ಟ್ವೈಲಾ ಕೈ ಮುಂದೆ ಮಾಡಿದವಳು ಹಿಂದಕ್ಕೆ ಎಳೆದುಕೊಂಡು ಏಪ್ರನ್ನಿಗೆ ಒರೆಸಿಕೊಂಡಳು.

"ನಂಗಲ್ಲ, ಅವಳಿಗೆ ಕೊಡಿ. ಓಪಲ್ ಅಜ್ಜಿ ಹೇಳಿದ್ದೆಲ್ಲ ಅದ್ರಲ್ಲಿದೆ. ಮೂರು ಭಾನುವಾರ ಕೂತು ಬರ್ಕೊಂಡಿದ್ಲು. ಅದಾಗಿ ಹತ್ತು ದಿನಕ್ಕೆ ಅಜ್ಜಿಗೆ ಲಕ್ವ ಹೊಡೀತಲ್ಲ, ಈಗ ಕೈ ಹಿಡ್ಕೊಂಡು ಸುಮ್ನೆ ನಗ್ತಾರೆ, ಅಷ್ಟೇ." ಕೈಗವಸು ಮತ್ತೆ ಹಾಕಿಕೊಂಡಳು. "ನಂಗೆ ಹೇಳಿದ್ರಿ, ಆಯ್ತು. ಆವತ್ತು ನನ್ನ ಮಗಳು ಸುಳ್ಳಿ ಅಂತ ಕೇಳಿಸ್ಕೊಂಡವರು ನಾನಲ್ಲ. ಕೇಳಿಸ್ಕೊಂಡವರಿಗೆ ಹೇಳಿ. ನನ್ನ ಪಾಲಿಂದು ನಾನು ಮನೇಲಿ ಹೇಳ್ಕೋತೀನಿ. ಹೇಗೆ ಹೇಳ್ಬೇಕು ಅಂತಾನೇ ಗೊತ್ತಾಗ್ತಿಲ್ಲ."

ಸೋಮವಾರ ಮೂರನೆಯ ಪೀರಿಯಡ್ಡಿಗೆ ಟೀಚರ್ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಎರಡು ದಿನ ರಜದಲ್ಲಿ ಮಾತುಗಳನ್ನು ಹಾಳೆಯ ಮೇಲೆ ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದರು. ಮಕ್ಕಳ ಮುಖ ನೋಡಿದಾಗ ಆ ಹಾಳೆಯನ್ನು ಮಡಿಸಿಟ್ಟುಬಿಟ್ಟರು.

"ಮಾರ್ಚಿನಲ್ಲಿ ಮಾಸಿ ಕ್ರಿಡ್ಲರ್ ತನ್ನ ಕೆಲಸ ಹೊತ್ತಿಗೆ ಸರಿಯಾಗಿ ನನ್ನ ಕೈಗೆ ಕೊಟ್ಟಿದ್ಲು. ನಾನು ಕಳೆದೆ. ಅವಳು ನಿಜ ಹೇಳೋಕೆ ಬಂದಾಗ ನಾನು ಬಾಯಿ ಮುಚ್ಚಿಸಿದೆ, ನಿಮ್ಮ ಕೈಲೆಲ್ಲ ಹನ್ನೊಂದನೇದನ್ನ ಹೇಳಿಸಿದೆ. ಹೋದ ಸೋಮವಾರ ಅದು ನನಗೆ ಸಿಕ್ತು. ಸಿಕ್ಕ ಮೇಲೂ ಐದು ದಿನ ಬಚ್ಚಿಟ್ಕೊಂಡಿದ್ದೆ. ಸುಳ್ಳು ಹೇಳಿದ್ದು ಅವಳಲ್ಲ."

ಟೀಚರ್ ತಪ್ಪು ಒಪ್ಪಿಕೊಳ್ಳುವಾಗ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಮಕ್ಕಳಿಗೆ ಯಾರೂ ಕಲಿಸಿರುವುದಿಲ್ಲ. ಕೊನೆಗೆ ಟಕರನೇ ಬಾಯಿಬಿಟ್ಟ.

"ಹಂಗಾದ್ರೆ ಮಾಸಿ ವಾಷಿಂಗ್ಟನ್ನಿಗೆ ಬರಬಹುದಿತ್ತು."

ಅವನು ಕೆಣಕಲು ಹೇಳಿದ್ದಲ್ಲ. ಲೆಕ್ಕ ಬಿಡಿಸಿ ಉತ್ತರ ಬಂದವನಂತೆ ಹೇಳಿದ. ಇಪ್ಪತ್ತೈದು ಮುಖಗಳು ಒಟ್ಟಿಗೆ ಮಾಸಿಯ ಕಡೆ ತಿರುಗಿದವು. ಅವಳ ಕುತ್ತಿಗೆಯಿಂದ ಕೆಂಪು ಹತ್ತಿ ಕೆನ್ನೆಗೇರಿತು.

"ಹೌದು ಟಕರ್, ಬರಬಹುದಿತ್ತು," ಎಂದರು ಟೀಚರ್. ಆಮೇಲೆ ಪುಸ್ತಕ ತೆಗೆಯಿರಿ ಎಂದರು. ರೈಲು ಹಳಿಗಳ ಪಾಠ ಹೇಗೋ ಮುಗಿಯಿತು.

ಗಂಟೆ ಹೊಡೆದು ಎಲ್ಲರೂ ಹೊರಗೆ ನುಗ್ಗಿದರೂ ಮಾಸಿ ಚೀಲ ಕಟ್ಟುವುದರಲ್ಲೇ ಇದ್ದಳು. ಕೊನೆಯವನು ಹೋದ ಮೇಲೆ ಮೇಜಿನ ಹತ್ತಿರ ಬಂದಳು. ಟೀಚರ್ ಮೊದಲು ಅವಳ ಕ್ಷಮಾಪಣೆಯ ಪತ್ರವನ್ನು ಕೊಟ್ಟರು. ಅವಳು ಬಿಡಿಸಿ ನೋಡದೆ, ನಾಲ್ಕಾಗಿ ಮಡಿಸಿ ಜೀನ್ಸಿನ ಹಿಂದಿನ ಜೇಬಿಗೆ ತುರುಕಿದಳು. ಆಮೇಲೆ ಹಾಳೆಗಳನ್ನು ಕೊಟ್ಟರು.

"ಎಲ್ಲರ ಮುಂದೆ ಹೇಳಿ ಅಂತ ನಾನು ಕೇಳಿರ್ಲಿಲ್ಲ," ಎಂದಳು ಮಾಸಿ.

"ಗೊತ್ತು."

"ಈಗ ಅವರೆಲ್ಲ ಪಾಪ ಅನ್ನೋ ಥರ ನೋಡ್ತಾರೆ. ಲೈಬ್ರರೀಲಿ ಕೂತಿದ್ದೇ ವಾಸಿ ಇತ್ತು."

ಮಾಸಿ ಹಾಳೆಗಳ ಸೊಟ್ಟಗಾದ ಮೂಲೆಯನ್ನು ಹೆಬ್ಬೆರಳಿನಿಂದ ನೀವುತ್ತ ಒಂದೊಂದೇ ಪುಟ ಮಗುಚಿದಳು. ಎಲ್ಲೂ ಕೆಂಪು ಗುರುತಿಲ್ಲ, ಅಂಚಿನಲ್ಲಿ ಒಂದು ಮಾತಿಲ್ಲ.

"ತೊಂಬತ್ತೆರಡು ಅಂತ ಬಂತಂತೆ ಅಮ್ಮನ ಫೋನಿಗೆ."

"ಹ್ಞೂಂ."

"ಇನ್ನೆಂಟು ಯಾಕೆ ಹೋಯ್ತು?"

ಟೀಚರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಓದಿದ್ರಾ ಟೀಚರ್?"

ಹೊರಗೆ ಮುಂದಿನ ತರಗತಿಯ ಮಕ್ಕಳ ಕಾಲ ಸದ್ದು ಹತ್ತಿರವಾಗುತ್ತಿತ್ತು. ಓದಿದೆ ಎಂದುಬಿಡುವುದು ಎಷ್ಟು ಸುಲಭ ಎಂಬುದು ಟೀಚರಿಗೆ ಆ ಕ್ಷಣವೂ ಹೊಳೆಯಿತು. ಹೊಳೆದದ್ದಕ್ಕೇ ಮತ್ತೊಮ್ಮೆ ನಾಚಿಕೆಯಾಯಿತು.

"ಇಲ್ಲ," ಎಂದರು. "ಓದಿಲ್ಲ."

ಮಾಸಿ ಹಾಳೆಗಳನ್ನು ಜೋಡಿಸಿ, ಮೇಜಿಗೆ ಒಮ್ಮೆ ಕುಟ್ಟಿ ಅಂಚು ಸರಿಮಾಡಿ, ಟೀಚರ ಮುಂದಿಟ್ಟಳು.

"ಓದಿ. ಈಗ್ಲೇ. ನಾನು ಇಲ್ಲೇ ಕೂತಿರ್ತೀನಿ."

ಮೊದಲ ಸಾಲಿನ ಬೆಂಚನ್ನು ಮುಂದಕ್ಕೆ ಎಳೆದುಕೊಂಡು, ಚೀಲವನ್ನು ತೊಡೆಯ ಮೇಲಿಟ್ಟು ಕುಳಿತಳು. ಟೀಚರ್ ಕುರ್ಚಿಗೆ ಇಳಿದು ಕನ್ನಡಕ ಹಾಕಿಕೊಂಡರು. ನೀಲಿ ಶಾಯಿ ಹರಡಿದ ಕಡೆ ಬೆರಳಿಟ್ಟು, ನಿಧಾನವಾಗಿ ಓದತೊಡಗಿದರು. ಬಾಗಿಲಿಗೆ ಬಂದ ಮಕ್ಕಳಲ್ಲಿ ಮುಂದಿದ್ದವಳು ಒಳಗೆ ಒಂದು ಕಾಲಿಟ್ಟು, ಇಬ್ಬರನ್ನೂ ನೋಡಿ, ಆ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಹಿಂದಿನವರು ಬಂದು ಅವಳ ಬೆನ್ನಿಗೆ ಡಿಕ್ಕಿ ಹೊಡೆದು ನಿಂತರು. ಎರಡನೆಯ ಗಂಟೆ ಹೊಡೆಯಿತು. ಯಾರೂ ಒಳಗೆ ಬರಲಿಲ್ಲ. ಟೀಚರ್ ಪುಟ ಮಗುಚಿದರು.